ನೀಲಿ ಕುಲಾವಿ

"ಸಾಕು, ಕಣ್ಣೊರೆಸ್ಕೊಳ್ಳಿ. ನಿಮ್ಮ ಮಗಳೂ ಆ ಹುಡುಗನೂ ಒಂದೇ ಹಾಲು ಕುಡಿದಿಲ್ಲ. ಕುಡಿಯೋಕೆ ಸಾಧ್ಯವೇ ಇರಲಿಲ್ಲ," ಎಂದೆ.

ಹುಡುಗಿಯ ತಾಯಿ ಮಂಚದ ಮೇಲೆ ಹಾಗೇ ಕುಸಿದು ಕೂತಳು. ಔಷಧಿ ಅಂಗಡಿ ನಡೆಸುವ ಗಟ್ಟಿ ಹೆಂಗಸು, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿದವಳು. ಆದರೆ ಆ ಫೋನ್ ಬಂದಾಗಿನಿಂದ ಅವಳಿಗೆ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ. ಬಾಯಿಗೆ ಬಟ್ಟೆ ಅಡ್ಡ ಹಿಡಿದು ಮಾತಾಡಿದ ಯಾವಳೋ ಹೇಳಿದ್ದು ಇಷ್ಟೇ: "ಮದುವೆ ಆಗೋ ಆ ಎರಡೂ ಮಕ್ಕಳು ಒಬ್ಬಳೇ ಹೆಂಗಸಿನ ಹಾಲು ಕುಡಿದವು, ಹೌದೋ ಅಲ್ವೋ. ನನ್ನ ಮಾತು ನಂಬಬೇಡ. ಸೂಜಿಯನ್ನ ಕರೆಸಿ ಹುಡುಕಿಸು. ಬೇರೆ ಯಾರೂ ಬೇಡ, ಸೂಜಿಯೇ ಆಗಬೇಕು, ಹೌದೋ ಅಲ್ವೋ."

ಸೂಜಿ ಅಂದರೆ ನಾನು. ಮದುವೆಗೆ ಮುಂಚೆ ಗಂಡಿನ ಕಡೆ ಹೆಣ್ಣಿನ ಕಡೆ ಗುಟ್ಟಾಗಿ ವಿಚಾರಿಸಿ ಕೊಡುವುದು ನನ್ನ ಕಸುಬು. ಎಂಥ ಹುಲ್ಲಿನ ಮೆದೆಯಲ್ಲಾದರೂ ಹೊಕ್ಕು ಬರುತ್ತೇನೆಂದು ಜನ ಇಟ್ಟ ಅಡ್ಡಹೆಸರು. ಅನಾಮಧೇಯ ಧ್ವನಿಗೂ ನನ್ನ ಕೀರ್ತಿ ಗೊತ್ತಲ್ಲ ಎಂದು ನಾನು ಒಳಗೊಳಗೇ ಬೀಗಿದ್ದೆ. ಎಂಥ ಪೆದ್ದಿ!

ನಮ್ಮಲ್ಲಿ ರಕ್ತದ ಸಂಬಂಧ ಇದ್ದ ಹಾಗೆಯೇ ಹಾಲಿನ ಸಂಬಂಧವೂ ಇದೆ. ಎಳೆಯ ಪ್ರಾಯದಲ್ಲಿ ಒಬ್ಬಳೇ ಹೆಂಗಸಿನ ಹಾಲು ಕುಡಿದು ಬೆಳೆದ ಮಕ್ಕಳು, ಹೆತ್ತವರು ಯಾರೇ ಆಗಿರಲಿ, ಅಣ್ಣ ತಂಗಿ. ಅವರ ನಡುವೆ ನಿಕಾಹ್ ಇಲ್ಲ. ಈ ಹುಡುಗ ಹುಡುಗಿ ಇಬ್ಬರೂ ಒಂದೇ ಹೆರಿಗೆ ಆಸ್ಪತ್ರೆಯಲ್ಲಿ, ಒಂದೇ ವಾರದಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದವರು. ಇಬ್ಬರೂ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ಬೇರೆಯವರ ಹಾಲಿನಿಂದ ಜೀವ ಹಿಡಿದವರು. ನಿಕಾಹ್ ನಾಳೆ.

"ಆ ವಾರ್ಡಿನಲ್ಲಿ ಒಂದು ಕಟ್ಟುನಿಟ್ಟು ಇತ್ತು," ಎಂದು ಬಿಡಿಸಿ ಹೇಳಿದೆ. "ಈಗಿನ ನರ್ಸ್ ಹೇಳಿದ್ಲು. ಗಂಡು ಹೆತ್ತ ತಾಯಂದಿರು ಕೊಟ್ಟ ಹಾಲು ಗಂಡು ಮಕ್ಕಳಿಗೇ. ಹೆಣ್ಣು ಹೆತ್ತವರದ್ದು ಹೆಣ್ಣು ಮಕ್ಕಳಿಗೇ. ಫ್ರಿಜ್ಜಿನಲ್ಲಿ ಬೇರೆ ಬೇರೆ ಅರೆ. ಮುಂದೆ ಯಾರೂ ಯಾರನ್ನೂ ಗೊತ್ತಿಲ್ಲದೆ ಮದುವೆ ಆಗಿಬಿಡಬಾರದು ಅಂತಲೇ ಹಾಗೆ ಮಾಡಿದ್ರು. ನಿಮ್ಮ ಅಳಿಯ ಗಂಡುಮಕ್ಕಳ ಅರೆಯಿಂದ ಕುಡಿದ, ಮಗಳು ಹೆಣ್ಣುಮಕ್ಕಳ ಅರೆಯಿಂದ. ಮುಗೀತು."

"ಹಾಗಾದ್ರೆ ಫೋನ್ ಮಾಡಿದ್ದು?"

"ಹುಡುಗನ ಸೋದರತ್ತೆಯೇ ಇರಬೇಕು. ತನ್ನ ಮಗಳನ್ನ ಅವನಿಗೆ ಕೊಡಬೇಕು ಅಂತ ಎಷ್ಟು ವರ್ಷದಿಂದ ಕಾದಿದ್ಲು. ಹೊಟ್ಟೆಕಿಚ್ಚಿಗೆ ಮದ್ದು ನಿಮ್ಮ ಅಂಗಡಿಯಲ್ಲೂ ಇಲ್ಲ ಬಿಡಿ."

ಅವಳು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಆಮೇಲೆ ಸಂತೋಷ ತಡೆಯಲಾರದೆ ಮಂಚದ ಕೆಳಗಿನಿಂದ ತಗಡಿನ ಪೆಟ್ಟಿಗೆ ಎಳೆದಳು. ಮಗಳ ಬಾಲ್ಯವೆಲ್ಲ ಅದರಲ್ಲಿತ್ತು. ಗೊಂಬೆಗೆ ಸಾಕೆನಿಸುವಷ್ಟು ಚಿಕ್ಕ ಅಂಗಿ, ಒಂದು ಗಿಲಕಿ, ಬಿಳಿ ಬಟ್ಟೆಯ ತುಂಡುಗಳು.

"ನೋಡಿ, ಇಷ್ಟೇ ಇದ್ಲು. ನನ್ನ ಎರಡು ಅಂಗೈಯಲ್ಲಿ ಹಿಡೀತಿದ್ಲು," ಎನ್ನುತ್ತ ಇನ್ನೂ ಏನೋ ಹೊರಗೆ ತೆಗೆದಳು.

ಉಣ್ಣೆಯ ಕುಲಾವಿ. ಕಿತ್ತಳೆ ಹಣ್ಣಿಗೆ ಹಾಕುವಷ್ಟು ಪುಟ್ಟದು. ಬಣ್ಣ ನೀಲಿ.

"ಇದು ಯಾರದ್ದು?" ಎಂದೆ.

"ಇವಳದ್ದೇ. ನಮ್ಮತ್ತೆಗೆ ಗಂಡು ಮಗುವೇ ಅಂತ ಖಾತ್ರಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಇವರು ನಿಜವಾಗ್ಲೂ ಕೂತು ಹೆಣೆದಿಟ್ಟಿದ್ರು. ಹುಟ್ಟಿದ್ದು ಹೆಣ್ಣು. ಆದ್ರೂ ಕುಲಾವಿ ಬೆಚ್ಚಗಿದೆ ಅಂತ ಆಸ್ಪತ್ರೆಯಲ್ಲೂ ಅದನ್ನೇ ಹಾಕಿದ್ರಂತೆ. ನಾನು ಆಪರೇಷನ್ ಆಗಿ ವಾರವೆಲ್ಲ ಎಚ್ಚರ ಇಲ್ಲದೆ ಬಿದ್ದಿದ್ದೆ."

ಈಗಿನ ನರ್ಸ್ ಇನ್ನೂ ಒಂದು ಮಾತು ಹೇಳಿದ್ದಳು, ಅದನ್ನು ನಾನು ಬೇಡದ ವಿವರ ಎಂದು ಬಿಟ್ಟಿದ್ದೆ. ಪೆಟ್ಟಿಗೆಯೊಳಗೆ ಮಕ್ಕಳನ್ನು ಕತ್ತಿನವರೆಗೂ ಬಿಳಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಪದೇ ಪದೇ ಬಿಚ್ಚಿದರೆ ಚಳಿ ಹಿಡಿಯುತ್ತದೆ. ಹಾಗಾಗಿ ಗಂಡು ಹೆಣ್ಣು ಗುರುತಿಗೆ ಕುಲಾವಿ. ಹೆಣ್ಣಿಗೆ ಹಳದಿ, ಗಂಡಿಗೆ ನೀಲಿ. ಪಾಳಿಯ ನರ್ಸ್‌ಗಳು ತಲೆ ನೋಡಿ ಅರೆಯಿಂದ ಹಾಲು ತೆಗೆಯುತ್ತಿದ್ದರು.

"ಯಾಕೆ ಹಾಗೆ ನೋಡ್ತೀರಿ?" ಎಂದು ಅವಳು ಕೇಳುವುದಕ್ಕೂ ಬಾಗಿಲಲ್ಲಿ ಮದುಮಗಳು ನಿಲ್ಲುವುದಕ್ಕೂ ಸರಿಹೋಯಿತು. ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದು ಬರಿಗಾಲು.

"ಸೂಜಿ ಅತ್ತೆ, ಈ ಚಪ್ಪಲಿಯ ಹಿಮ್ಮಡಿ ಎಷ್ಟು ಎತ್ತರ ನೋಡಿ. ನಾಳೆ ನಾನು ಬಿದ್ದರೆ ಹಿಡ್ಕೊಳ್ಳೋಕೆ ಅವನಿಗೆ ಹೇಳಿಡಬೇಕು. ಲಿಫ್ಟ್ ರಿಪೇರಿಯವನು, ಬೀಳೋದನ್ನ ತಡೆಯೋದೇ ಅವನ ಕೆಲಸ ಅಲ್ವಾ?" ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. ನನ್ನ ಕೈಯಲ್ಲಿದ್ದ ಕುಲಾವಿ ನೋಡಿದಳು, ನನ್ನ ಮುಖ ನೋಡಿದಳು. ಚುರುಕು ಹುಡುಗಿ.

"ಅತ್ತೆ, ಏನೋ ಸಿಕ್ಕಿದೆ."

"ಇನ್ನೂ ಗೊತ್ತಿಲ್ಲ."

"ನಾನು ಅವನನ್ನ ನಾಲ್ಕು ವರ್ಷದಿಂದ ನೋಡ್ತಿದ್ದೀನಿ. ಅವನು ಬಿಟ್ಟರೆ ಬೇರೆ ಯಾರೂ ಬೇಡ ನನಗೆ," ಎಂದಳು. ಮಾತು ನೇರವಾಗಿತ್ತು. "ಆದ್ರೆ ನಾಳೆ ಒಪ್ಪಿಗೆ ಕೊಟ್ಟ ಮೇಲೆ, ಒಂದು ಮಗು ಆದ ಮೇಲೆ ಗೊತ್ತಾದ್ರೆ? ಆಗ ನಾನು ಏನು ಮಾಡ್ಲಿ? ಸಿಹಿಯಾಗಿರಲಿ ಕಹಿಯಾಗಿರಲಿ, ಇವತ್ತೇ ಹೇಳಿಬಿಡಿ. ಮುಚ್ಚಿಡಲ್ಲ ಅಂತ ಮಾತು ಕೊಡಿ."

ಮಾತು ಕೊಟ್ಟೆ. ನನ್ನ ಮಗ ಉಸಿರಾಡಿದ್ದರೆ ಇವಳ ವಯಸ್ಸಿನವನೇ ಆಗಿರುತ್ತಿದ್ದ. ಅದೇ ಆಸ್ಪತ್ರೆಗೆ ನಾನೂ ಒಮ್ಮೆ ತುಂಬಿದ ಹೊಟ್ಟೆಯಲ್ಲಿ ಹೋಗಿ ಬರಿಗೈಲಿ ಬಂದವಳು. ಆ ಸಂಕಟ ಬೇರೆ, ಈ ಕೆಲಸ ಬೇರೆ ಎಂದು ಮನಸ್ಸನ್ನು ಗದರಿಸಿಕೊಂಡು ಎದ್ದೆ.

ಧರ್ಮದ ತೀರ್ಪು ಹೇಳುವ ಮುಫ್ತಿಗಳು ಸ್ಟೇಷನರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತಿದ್ದರು. ಆಸ್ಪತ್ರೆಯವರು ಉಸಿರಿನ ಯಂತ್ರ ತೆಗೆಯಬಹುದೇ, ಮೂತ್ರಪಿಂಡ ದಾನ ಮಾಡಬಹುದೇ ಎಂದು ಕೇಳಲು ಇವರ ಹತ್ತಿರವೇ ಬರುವುದು. ಕುಲಾವಿಯನ್ನು ಅವರ ಮುಂದಿಟ್ಟೆ. ಅವರು ಅದನ್ನು ಮುಟ್ಟದೆ ನೋಡಿದರು.

"ಬಾಟಲಿಯಲ್ಲಿ ಕುಡಿದದ್ದು ಲೆಕ್ಕಕ್ಕಿಲ್ಲ, ಎದೆಗೆ ಬಾಯಿಟ್ಟಿರಬೇಕು ಅನ್ನೋ ವಿದ್ವಾಂಸರು ಇದ್ದಾರೆ," ಎಂದರು. "ತಾಯಿ ಯಾರು ಅಂತ ಗೊತ್ತಿಲ್ಲದಿದ್ರೆ ಸಂಬಂಧವೇ ಹುಟ್ಟಲ್ಲ ಅನ್ನೋರೂ ಇದ್ದಾರೆ. ದೊಡ್ಡವರು, ಅವರ ಮಾತಿಗೂ ತೂಕ ಇದೆ. ನಾನು ಆ ಪಕ್ಷ ಅಲ್ಲ. ಹೊಟ್ಟೆ ತುಂಬಿದ್ದು ಹಾಲಿನಿಂದ, ಬಾಟಲಿಯಿಂದಲ್ಲ."

"ಹಾಗಾದ್ರೆ ಬೇರೆ ತಾಯಿಯ ಹಾಲು ಕೊಟ್ಟಿದ್ದೇ ತಪ್ಪಾ?"

"ಛೆ ಛೆ! ಸಾಯ್ತಿರೋ ಕೂಸಿಗೆ ಹಾಲು ಬೇಡ ಅಂತ ಯಾರು ಹೇಳ್ತಾರೆ? ಜೀವ ಮೊದಲು. ಆದ್ರೆ ಜೀವ ಉಳಿಸಿದ ಮೇಲೆ ಯಾರ ಹಾಲು ಅಂತ ನೆನಪಿಟ್ಕೊಂಡು ಎರಡೂ ಮನೆಗೆ ತಿಳಿಸಬೇಕು. ಅಷ್ಟರಲ್ಲಿ ಜನಕ್ಕೆ ಸುಸ್ತಾಗಿಬಿಡುತ್ತೆ."

"ನಾಳೆಯ ನಿಕಾಹ್?"

"ಬರೀ ಅನುಮಾನದಿಂದ ನಾನು ಮದುವೆ ನಿಲ್ಲಿಸಲ್ಲ. ಖಚಿತ ಆದ ಮೇಲೆ ನಡೆಸೋದೂ ಇಲ್ಲ. ಇಬ್ಬರೂ ಕುಡಿದದ್ದು ಒಬ್ಬಳದ್ದೇ ಹಾಲಾ, ಹೊಟ್ಟೆ ತುಂಬ ಮತ್ತೆ ಮತ್ತೆ ಕುಡಿದರಾ, ಅದನ್ನ ತಿಳ್ಕೊಂಡು ಬನ್ನಿ. ಹಾಲು ಕೊಟ್ಟ ಹೆಂಗಸೇ ಬಂದು ಹೌದು ಅಂದ್ರೆ ನನಗೆ ಬೇರೆ ಸಾಕ್ಷಿ ಬೇಡ."

"ಅವಳಿಗೇ ಗೊತ್ತಿಲ್ಲದಿದ್ರೆ?"

ಅವರು ಮೊದಲ ಸಲ ನಕ್ಕರು. "ತನಗೇ ಗೊತ್ತಿಲ್ಲದೆ ಯಾರಾದರೂ ಹಾಲು ಕೊಡ್ತಾರಾ ತಾಯಿ?"

ಕೆಳಗೆ ಕಾರಿನಲ್ಲಿ ನಮ್ಮೋರು, ನನ್ನ ಗಂಡ, ಕಾಯುತ್ತಿದ್ದರು. ನಮ್ಮೋರು ಡ್ರೈವಿಂಗ್ ಕಲಿಸುವವರು. ಕಾರಿನ ಎಡಕ್ಕೂ ಬಲಕ್ಕೂ ಬ್ರೇಕ್ ಇದೆ. ನಾನು ಓಡಿಸಿದರೂ ಅವರ ಕಾಲು ಅವರ ಕಡೆಯ ಬ್ರೇಕಿನ ಮೇಲೆಯೇ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಆ ಕಾಲು ನೆಲ ಒತ್ತುತ್ತಿರುತ್ತದೆ ಎಂದು ನಾನು ರೇಗಿಸುತ್ತೇನೆ. ಈ ಕೇಸು ಹಿಡಿದ ದಿನದಿಂದ ಮನುಷ್ಯ ಮಂಕಾಗಿದ್ದರು. ಬಿಟ್ಟುಬಿಡು, ಬೇರೆಯವರ ಮನೆ ಶುಭಕಾರ್ಯಕ್ಕೆ ಕಡ್ಡಿ ಆಡಿಸಬೇಡ ಎಂದು ಒಂದೇ ರಾಗ. ಮದುಮಗ ಅವರ ಶಿಷ್ಯ. ಅವನಿಗೆ ಗಾಡಿ ಕಲಿಸಿ ಒಂದು ಪೈಸೆ ಮುಟ್ಟಲಿಲ್ಲ. ಕ್ಲಚ್ ಬಿಡುವ ರೀತಿಯಲ್ಲೇ ಹುಡುಗನ ಗುಣ ತಿಳಿಯುತ್ತದೆ ಎಂದು ಹೋದಲ್ಲೆಲ್ಲ ಹೊಗಳುತ್ತಿದ್ದರು.

"ಈಗ ಎಲ್ಲಿಗೆ?" ಎಂದರು.

"ಆಗ ವಾರ್ಡು ನೋಡ್ಕೊಳ್ತಿದ್ದ ಹಿರಿಯ ನರ್ಸ್, ದೊಡ್ಡಕ್ಕನ ಮನೆಗೆ," ಎಂದು ಸ್ಟೀರಿಂಗ್ ಹಿಡಿದು ಗಾಡಿ ಹೊರಡಿಸಿದೆ. "ನಿವೃತ್ತಿ ಆಗಿ ಕಾಲುವೆ ಆಚೆ ಇದ್ದಾರಂತೆ. ಹುಡುಗನ ತಾಯಿಗೆ ಜ್ವರ ಬಂದು ಒಂದು ಹನಿ ಹಾಲು ಇರಲಿಲ್ಲ, ಹಾಗಾಗಿ ಅವನು ಕುಡಿದದ್ದೂ ಬೇರೆಯವರದ್ದೇ. ಈಗ ನೋಡಿದ್ರೆ ಹುಡುಗಿಗೂ ನೀಲಿ ಕುಲಾವಿ ಹಾಕಿದ್ರು. ಅವಳಿಗೂ ಗಂಡುಮಕ್ಕಳ ಅರೆಯ ಹಾಲೇ ಹೋಗಿದೆ ರೀ."

ಕಾರು ಗಕ್ಕನೆ ನಿಂತಿತು. ನನ್ನ ಎದೆ ಸ್ಟೀರಿಂಗಿಗೆ ಬಡಿಯಿತು.

ರಸ್ತೆ ಖಾಲಿ. ನಾಯಿಯಿಲ್ಲ, ನರಪಿಳ್ಳೆಯಿಲ್ಲ. ಬ್ರೇಕ್ ಒತ್ತಿದ್ದು ಅವರು.

"ಏನಾಯ್ತು ನಿಮಗೆ?"

"ಏನೋ ಅಡ್ಡ ಬಂದ ಹಾಗಾಯ್ತು," ಎಂದರು. ಹಣೆಯಲ್ಲಿ ಬೆವರು. "ಹುಡುಗಿಗೂ ಅಂದೆಯಾ? ಖಚಿತವಾ?"

"ಅದನ್ನೇ ಕೇಳೋಕೆ ಹೊರಟಿರೋದು."

ದೊಡ್ಡಕ್ಕನ ಮನೆಯ ಕೆಳಗೆ ನಿಲ್ಲಿಸಿದಾಗ ಅವರು, ಮಂಡಿ ನೋವು, ನೀನು ಹೋಗಿ ಬಾ ಎಂದರು. ಬೆಳಿಗ್ಗೆ ಮಹಡಿ ಹತ್ತಿ ನೀರಿನ ತೊಟ್ಟಿ ತೊಳೆದ ಮಂಡಿಗೆ ಈಗ ಇದ್ದಕ್ಕಿದ್ದಂತೆ ನೋವು. ಊರಿನ ಗಂಡಸರ ಸುಳ್ಳು ಹಿಡಿದು ಹೊಟ್ಟೆ ಹೊರೆಯುವ ನಾನು, ನನ್ನ ಪಕ್ಕದ ಸೀಟಿನ ಸುಳ್ಳನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದದ್ದು ಸೊಸೆ. "ಅತ್ತೆ ಒಳಗಿದ್ದಾರೆ. ಮದುವೆ ಕಾಗದ ಬಂದ ದಿನದಿಂದ ಒಂಥರಾ ಆಗಿದ್ದಾರೆ. ಹುಡುಗಿಯ ತಾಯಿ ಬಂದು ಮದುವೆಗೆ ಕರೆದಾಗ ಅತ್ತೆ ಮಲಗಿದ್ರು, ನಾನೇ ಕಾಗದ ಇಸ್ಕೊಂಡೆ. ಎದ್ದು ಎರಡು ಮನೆತನದ ಹೆಸರು ಓದಿದವರು ಹಾಗೇ ಕೂತುಬಿಟ್ರು," ಎಂದು ಪಿಸುಗುಟ್ಟಿ ಅಡುಗೆಮನೆಗೆ ಹೋದಳು.

ದೊಡ್ಡಕ್ಕ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಮಡಿಲ ತುಂಬ ಒಗೆದ ಟವೆಲ್. ಒಂದೊಂದನ್ನೂ ಮೂಲೆ ಮಡಿಚಿ, ಎಡಗಡೆ ಸುತ್ತಿ, ಬಲಗಡೆ ಸುತ್ತಿ, ಕೂಸು ಕಟ್ಟುವ ಹಾಗೆ ಕಟ್ಟಿಡುತ್ತಿದ್ದರು.

"ಬಂದೆಯಾ? ಬರ್ತೀಯ ಅಂತ ಗೊತ್ತಿತ್ತು, ಹೌದೋ ಅಲ್ವೋ," ಎಂದರು.

ಫೋನಿನ ಧ್ವನಿ ಮಾತು ಮಾತಿಗೂ ಸೇರಿಸಿದ್ದು ಇದೇ 'ಹೌದೋ ಅಲ್ವೋ'. ಪಾಪ, ಆ ಸೋದರತ್ತೆಯನ್ನು ಸುಮ್ಮನೆ ಬೈದಿದ್ದೆ.

"ಫೋನ್ ಮಾಡಿದ್ದು ನೀವು," ಎಂದೆ.

"ನಾನೇ."

"ಗೊತ್ತಿದ್ದೂ ನೇರವಾಗಿ ಹೇಳಲಿಲ್ಲ. ಒಬ್ಬ ತಾಯಿಯನ್ನ ಬೆಂಕಿ ಮೇಲೆ ಕೂರಿಸಿದ್ರಿ. ನಾಳೆ ನಿಕಾಹ್, ಆ ಹುಡುಗಿ ಚಪ್ಪಲಿ ಹಾಕ್ಕೊಂಡು ನಡೆಯೋದು ಕಲೀತಿದ್ದಾಳೆ!" ನನಗೆ ಸಿಟ್ಟು ನೆತ್ತಿಗೇರಿತ್ತು. ಕುಲಾವಿಯನ್ನು ಅವರ ಮಡಿಲಿಗೆ ಹಾಕಿದೆ. "ಇದು ನೆನಪಿದೆಯಾ?"

ಅವರು ಅದನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಸವರಿದರು.

"ಕಟ್ಟುನಿಟ್ಟು ಮಾಡಿದವಳು ನಾನೇ. ಅರೆ ಬೇರೆ ಮಾಡಿದ್ದು, ಬಣ್ಣ ಕೊಟ್ಟಿದ್ದು, ಎಲ್ಲ. ಇವಳನ್ನ ಅಜ್ಜಿಯ ಕುಲಾವಿಯಲ್ಲಿ ತಂದು ಮಲಗಿಸಿದ್ರು. ಪಾಳಿ ಬದಲಾಯ್ತು. ಬಂದವರೆಲ್ಲ ನೀಲಿ ನೋಡಿದ್ರು, ಗಂಡುಮಕ್ಕಳ ಅರೆಯ ಹಾಲು ಹಾಕಿದ್ರು. ವಾರದ ಕೊನೆಗೆ ತೂಕ ನೋಡೋಕೆ ನಾನು ಬಟ್ಟೆ ಬಿಚ್ಚಿದ್ರೆ ಹುಡುಗಿ! ನೆಲವೇ ಬಾಯಿ ಬಿಟ್ಟ ಹಾಗಾಯ್ತು."

"ಆಗಲೇ ಹೇಳಬೇಕಿತ್ತು."

"ಹೇಳಬೇಕಿತ್ತು. ಹೆದರಿದೆ. ಊರು ದೊಡ್ಡದು, ಆ ಹುಡುಗನೂ ಈ ಹುಡುಗಿಯೂ ಎಲ್ಲಿ ಒಂದಾಗ್ತಾರೆ ಅಂದ್ಕೊಂಡೆ. ಮೊನ್ನೆ ಕಾಗದದಲ್ಲಿ ಎರಡು ಹೆಸರೂ ಪಕ್ಕಪಕ್ಕ ಬಂದವು."

"ಅರೆಯಲ್ಲಿ ಹತ್ತಾರು ತಾಯಂದಿರ ಹಾಲು ಇದ್ದಿರುತ್ತೆ. ಇಬ್ಬರೂ ಒಬ್ಬಳದ್ದೇ ಕುಡಿದರು ಅಂತ ಹೇಗೆ ಹೇಳ್ತೀರಿ?"

"ಆ ವಾರ ಗಂಡುಮಕ್ಕಳ ಅರೆಯಲ್ಲಿ ಒಬ್ಬಳದ್ದೇ ಇತ್ತು."

"ಯಾರದ್ದು? ಅವಳನ್ನ ಕರ್ಕೊಂಡು ಹೋಗಬೇಕು. ಮುಫ್ತಿಗಳು ಕಾಯ್ತಿದ್ದಾರೆ."

ದೊಡ್ಡಕ್ಕ ನನ್ನನ್ನು ನೋಡಿದರು. ಆ ನೋಟದಲ್ಲಿ ಇದ್ದ ಕನಿಕರ ನನಗೆ ಹಿಡಿಸಲಿಲ್ಲ.

"ಗಂಡು ಹೆತ್ತವಳು. ಕೂಸು ಉಸಿರೇ ತೆಗೀಲಿಲ್ಲ. ಆದ್ರೆ ಮೈಗೆ ಅದೆಲ್ಲ ಗೊತ್ತಾಗಲ್ಲ, ಹಾಲು ಬರ್ತಾನೇ ಇತ್ತು. ಎದೆ ಕಲ್ಲಾಗಿ ಜ್ವರ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ಲು. ನಾನೇ ಯಂತ್ರ ಹಚ್ಚಿ ತೆಗೀತಿದ್ದೆ. ಆ ಶಬ್ದಕ್ಕೆ ಅವಳು ಕಿವಿ ಮುಚ್ಕೊಳ್ತಿದ್ಲು."

ಯಂತ್ರದ ಆ ಸದ್ದು ನನಗೆ ಗೊತ್ತು. ಉಸಿರು ಎಳೆದು ಬಿಟ್ಟ ಹಾಗೆ ಬರುತ್ತಿತ್ತು. ನನ್ನ ಮಗ ತೆಗೆಯದ ಉಸಿರನ್ನು ಅದು ತೆಗೆಯುತ್ತಿದೆ ಎಂದು ನಾನು ದಿಂಬು ಕಚ್ಚಿಕೊಂಡು ಮಲಗುತ್ತಿದ್ದೆ.

"ಚೆಲ್ಲಿದ್ವಿ ಅಂದ್ರಲ್ಲ," ಎಂದೆ. ಅದು ನನ್ನ ಧ್ವನಿ ಎಂದೇ ಅನ್ನಿಸಲಿಲ್ಲ. "ಪ್ರತಿ ಸಲ ಕೇಳ್ದೆ. ಚೆಲ್ಲಿದ್ವಿ, ಚೆಲ್ಲಿದ್ವಿ ಅಂದ್ರಿ."

"ಹೇಗೆ ಚೆಲ್ಲಲಿ? ಪಕ್ಕದ ಕೋಣೆಯಲ್ಲಿ ಎರಡು ಕೂಸು ಹಸಿವಿಗೆ ಬಾಯಿ ಬಿಡ್ತಿದ್ವು. ಹೊಟ್ಟೆ ತುಂಬ ಕುಡಿದ್ವು, ವಾರವೆಲ್ಲ. ನಿನ್ನಿಂದಲೇ ಉಳಿದ್ವು." ಅವರ ಕಣ್ಣಲ್ಲಿ ನೀರು ತುಂಬಿತು. "ನಾನು ಹೇಳಿದ್ರೆ ಮುದುಕಿಯ ಮರೆವು ಅಂತಾರೆ. ನೀನೇ ತಿಳ್ಕೊಂಡು, ನೀನೇ ಹೋಗಿ ಹೇಳಲಿ ಅಂತ ನಿನ್ನ ಹೆಸರು ಹೇಳಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆಯಲ್ಲೇ ಸೂಜಿ."

ಇಷ್ಟು ವರ್ಷ ನನಗೆ ಮಕ್ಕಳಿಲ್ಲ ಎಂದು ಕೇಳಿದವರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಒಬ್ಬಳು ಹೊಸ ಚಪ್ಪಲಿಯಲ್ಲಿ ತಡವರಿಸುತ್ತ ನಕ್ಕಿದ್ದಳು. ಒಬ್ಬ ನಮ್ಮ ಕಾರಿನಲ್ಲೇ ಗಾಡಿ ಕಲಿತ. ಅವರನ್ನು ಬಾಚಿ ತಬ್ಬಿಕೊಳ್ಳಬೇಕು ಎನ್ನಿಸಿತು, ಅದೇ ಗಳಿಗೆಯಲ್ಲಿ ನಾಳಿನ ನಿಕಾಹ್ ನೆನಪಾಯಿತು.

"ನನ್ನನ್ನ ಒಂದು ಮಾತು ಕೇಳಲಿಲ್ಲ," ಎಂದೆ. "ನನ್ನ ಹಾಲು. ನನ್ನ ಮಗನ ಹಾಲು. ಕೇಳದೆ ತಗೊಂಡ್ರಿ."

"ಕೇಳ್ದೆ," ಎಂದರು ದೊಡ್ಡಕ್ಕ. "ನಿನ್ನನ್ನಲ್ಲ."

ಅವರ ಕಣ್ಣು ನನ್ನ ಹಿಂದೆ ಬಾಗಿಲ ಕಡೆ ಹೋಯಿತು. ತಿರುಗಿ ನೋಡಿದೆ. ಮಂಡಿ ನೋವಿನ ಮನುಷ್ಯ ಮೂರು ಮಹಡಿ ಹತ್ತಿ ಬಂದು, ಕಾರಿನ ಕೀ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು.

"ನೀನು ಆಗ ಇದ್ದ ಸ್ಥಿತಿಯಲ್ಲಿ ಹೇಗೆ ಕೇಳೋದು?" ಎಂದರು ನಮ್ಮೋರು. "ಕೊಡಿ ಅಂದೆ. ಅವಳಿಗೆ ಹೇಳಬೇಡಿ ಅಂತಲೂ ನಾನೇ ಅಂದೆ. ಕುಡಿದದ್ದು ಆ ಹುಡುಗ ಅಂತ ಮಾತ್ರ ಗೊತ್ತಿತ್ತು. ಹುಡುಗಿಯ ವಿಷಯ ಇವತ್ತು ಕಾರಿನಲ್ಲಿ ನಿನ್ನ ಬಾಯಿಂದ ಕೇಳೋವರೆಗೂ ಗೊತ್ತಿರಲಿಲ್ಲ, ನಿನ್ನಾಣೆ."

ಬ್ಯಾಗಿನಲ್ಲಿ ಫೋನ್ ಹೊಡೆದುಕೊಂಡಿತು. ಮದುಮಗಳು.

"ಅತ್ತೆ, ಅಮ್ಮನೂ ನಾನೂ ಮುಫ್ತಿಗಳ ಎದುರೇ ಕೂತಿದ್ದೀವಿ. ಅವನೂ ಬಂದಿದ್ದಾನೆ. ಆ ತಾಯಿ ಸಿಕ್ಕಳಾ?"

ನಮ್ಮೋರು ಬೇಡ ಬೇಡ ಎಂದು ತಲೆಯಾಡಿಸಿದರು. ಅವರ ಬಲಗಾಲು ಬರಿಯ ನೆಲವನ್ನು ಗಟ್ಟಿಯಾಗಿ ಒತ್ತಿಕೊಂಡಿತ್ತು.

"ಸಿಕ್ಕಳು," ಎಂದೆ.

"ಬದುಕಿದ್ದಾಳಾ?"

"ಬದುಕಿದ್ದಾಳೆ."

ಆ ಕಡೆ ಅವಳು ಅಳು ನುಂಗಿದ್ದು ಕೇಳಿಸಿತು. "ಹಾಗಾದ್ರೆ ಅವಳನ್ನೇ ಕರ್ಕೊಂಡು ಬನ್ನಿ. ಅವಳ ಬಾಯಿಂದಲೇ ಕೇಳ್ತೀನಿ. ನೀವು ಮಾತು ಕೊಟ್ಟಿದ್ದೀರಿ ಅತ್ತೆ."

ಫೋನ್ ಇಟ್ಟು ಕೈ ಚಾಚಿದೆ. "ಕೀ ಕೊಡಿ."

"ಅವರಿಬ್ಬರೂ ಬದುಕಿರೋದೇ ನಿನ್ನಿಂದ," ಎಂದರು ನಮ್ಮೋರು. "ಅವರ ಬದುಕು ಮುರಿಯೋದೂ ನೀನೇ ಆಗಬೇಕಾ? ಬಾಟಲಿ ಲೆಕ್ಕಕ್ಕಿಲ್ಲ ಅನ್ನೋ ದೊಡ್ಡವರೂ ಇದ್ದಾರೆ. ಸುಮ್ಮನಿರು. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಯ್ತಲ್ಲ. ಕೀ ಕೊಡಿ."

ಅವರು ಮುಷ್ಟಿ ಬಿಚ್ಚಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದು, ಇನ್ನೊಂದು ಕೈಯಿಂದ ಬೆನ್ನ ಹಿಂದಿನ ಬಾಗಿಲು ಎಳೆದು, ಒಳಗಿನಿಂದ ಚಿಲಕ ಹಾಕಿದರು.